ಕಾಲುವೆ ಮುಚ್ಚಿಸಿದರೆ ಸಾಕೇ? ಕ್ಯಾಮರೂನ್‌ನ ಲೊಗೋನ್ ಬಯಲಿನ ಮೀನು ಮತ್ತು ಜಗಳ

2021ರ ಡಿಸೆಂಬರ್ 5ರಂದು ಕ್ಯಾಮರೂನ್ ದೇಶದ ಉತ್ತರ ತುದಿಯ ಊಲೂಮ್ಸಾ ಎಂಬ ಗಡಿಹಳ್ಳಿಯಲ್ಲಿ ಜಗಳ ಹತ್ತಿಕೊಂಡಿತು. ಒಂದು ಕಡೆ ಮುಸ್ಗುಮ್ ಸಮುದಾಯದ ಮೀನುಗಾರರು, ರೈತರು. ಇನ್ನೊಂದು ಕಡೆ ದನ ಮೇಯಿಸುವ ಶೋವಾ ಅರಬರು. ಅಕ್ಕಪಕ್ಕದ ಊರುಗಳಿಗೆ ಬೆಂಕಿ ಬಿತ್ತು. ಮೂರು ದಿನ ಕಳೆಯುವಷ್ಟರಲ್ಲಿ ಜಗಳ ಕುಸೇರಿ ಪಟ್ಟಣಕ್ಕೂ ಬಂತು, ಅಲ್ಲಿನ ದನದ ಸಂತೆ ನಾಶವಾಯಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಲೆಕ್ಕದಂತೆ ಕನಿಷ್ಠ 44 ಜನ ಸತ್ತರು, 111 ಜನ ಗಾಯಗೊಂಡರು, 112 ಹಳ್ಳಿಗಳು ಸುಟ್ಟುಹೋದವು. ಒಂದು ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟು ಓಡಿದರು. ಅವರಲ್ಲಿ ಹೆಚ್ಚಿನವರು ನದಿ ದಾಟಿ ಪಕ್ಕದ ಚಾಡ್ ದೇಶ ಸೇರಿದರು. ಬಹುಪಾಲು ಹೆಂಗಸರು ಮತ್ತು ಮಕ್ಕಳು.

ಅದೇ ವರ್ಷದ ಆಗಸ್ಟ್‌ನಲ್ಲೂ ಇಂಥದ್ದೇ ಜಗಳ ಆಗಿತ್ತು. ಎರಡರ ಮೂಲದಲ್ಲೂ ಇದ್ದದ್ದು ನೀರು. ಮೀನು ಹಿಡಿಯಲು, ನೀರು ನಿಲ್ಲಿಸಿಕೊಳ್ಳಲು ನೆಲದಲ್ಲಿ ತೋಡಿದ ಕಾಲುವೆಗಳು, ಹೊಂಡಗಳು. ಅವುಗಳಲ್ಲಿ ದನ ಬೀಳುತ್ತವೆ, ಕಾಲು ಮುರಿದುಕೊಳ್ಳುತ್ತವೆ. ದನಗಾಹಿ ಸಿಟ್ಟಾಗುತ್ತಾನೆ. ಮೀನುಗಾರ ನಮ್ಮಪ್ಪನ ಕಾಲದಿಂದ ಇರುವ ಕಾಲುವೆ ಇದು ಅನ್ನುತ್ತಾನೆ.

ಸುದ್ದಿಗಳಲ್ಲಿ ಇದಕ್ಕೆ ಎರಡು ಹೆಸರು ಬಂದವು. ಒಂದು, ಬುಡಕಟ್ಟು ಕಾದಾಟ. ಇನ್ನೊಂದು, ಹವಾಮಾನ ಬದಲಾವಣೆ. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಒಂದು ದೊಡ್ಡ ವಿಷಯ ಕಣ್ಣಿಂದ ಜಾರಿಹೋಗುತ್ತದೆ. ಈ ಬಯಲಿಗೆ ಬರುವ ನೀರನ್ನು ನಲವತ್ತು ವರ್ಷಕ್ಕೂ ಹಿಂದೆ ಮೇಲ್ಗಡೆ ಏರಿ ಕಟ್ಟಿ ತಡೆಯಲಾಯಿತು. ಆ ತೀರ್ಮಾನದ ಬೆಲೆಯನ್ನು ಕೆಳಗಿನ ಮೀನುಗಾರರು, ದನಗಾಹಿಗಳು ಇವತ್ತಿಗೂ ಒಬ್ಬರ ಮೇಲೊಬ್ಬರು ಹೇರಿಕೊಳ್ಳುತ್ತಿದ್ದಾರೆ. ನನ್ನ ವಾದ ಇಷ್ಟೇ: ಮೀನುಗಾರರ ಕಾಲುವೆ ಈಗ ನಿಜಕ್ಕೂ ಸಮಸ್ಯೆ. ಆದರೆ ಅದನ್ನು ಮುಚ್ಚಿಸುವುದರಿಂದ ಶುರು ಮಾಡುವುದು ಅನ್ಯಾಯ, ಅದರಿಂದ ಕೆಲಸವೂ ಆಗುವುದಿಲ್ಲ.

ಇಲ್ಲಿ ಮೀನು ಹುಟ್ಟುವುದು ನದಿಯಲ್ಲಲ್ಲ

ಲೊಗೋನ್ ನದಿಗೆ ನೀರು ಬರುವುದು ದಕ್ಷಿಣದ ಅಡಮಾವಾ ಎತ್ತರಗಳ ಕಡೆಯಿಂದ. ಕೆಳಗೆ ಅದು ಕ್ಯಾಮರೂನ್ ಮತ್ತು ಚಾಡ್ ನಡುವಿನ ಗಡಿಯಾಗಿ ಹರಿದು, ಕುಸೇರಿಯ ಹತ್ತಿರ ಶಾರಿ ನದಿಯನ್ನು ಸೇರುತ್ತದೆ. ನದಿಯ ಆಚೆ ದಡದಲ್ಲಿ ಚಾಡ್‌ನ ರಾಜಧಾನಿ ಎನ್‌ಜಮೇನಾ. ಚಾಡ್ ಸರೋವರಕ್ಕೆ ಸೇರುವ ನದಿನೀರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಈ ದಾರಿಯಿಂದಲೇ ಹೋಗುತ್ತದೆ.

ಈ ಭಾಗದ ನೆಲ ತುಂಬಾ ಸಪಾಟು. ಮೇಲಿನ ಗುಡ್ಡಗಳಲ್ಲಿ ಮಳೆಗಾಲ ಜೋರಾದಾಗ ನದಿ ದಡ ಮೀರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನೀರು ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಒಳ್ಳೆಯ ವರ್ಷದಲ್ಲಿ ಸಾವಿರಾರು ಚದರ ಕಿಲೋಮೀಟರ್ ಹುಲ್ಲುಗಾವಲು ನೀರಲ್ಲಿ ನಿಲ್ಲುತ್ತದೆ. ಅಲ್ಲಿನವರು ಇದನ್ನು ಯಾಯೆರೆ ಅನ್ನುತ್ತಾರೆ.

ನೀರಿನ ಜೊತೆ ಮೀನೂ ಬಯಲಿಗೆ ಬರುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆ ಬಿಟ್ಟು ಗದ್ದೆಗೆ ಏರುವ ಹತ್ತುಮೀನನ್ನು ನಮ್ಮ ಮಲೆನಾಡಿನವರು ಚೆನ್ನಾಗಿ ಬಲ್ಲರು. ಅದೇ ಕೆಲಸ ಇಲ್ಲಿ ಒಂದು ಇಡೀ ಜಿಲ್ಲೆಯಷ್ಟು ಅಗಲಕ್ಕೆ ನಡೆಯುತ್ತದೆ. ಮುಳುಗಿದ ಹುಲ್ಲಿನ ನಡುವೆ ಮೀನು ಮೊಟ್ಟೆ ಇಡುತ್ತವೆ. ಕೊಳೆಯುವ ಹುಲ್ಲು, ದನದ ಸಗಣಿ, ಹುಳುಹುಪ್ಪಟೆ ಎಲ್ಲ ಮರಿಗಳಿಗೆ ಆಹಾರ. ದೊಡ್ಡ ಮೀನುಗಳ ಬಾಯಿಂದ ಅಡಗಿಕೊಳ್ಳಲೂ ಹುಲ್ಲು ಬೇಕು. ಎರಡು ಮೂರು ತಿಂಗಳಲ್ಲಿ ಮರಿ ಬೆಳೆಯುತ್ತದೆ. ನವೆಂಬರ್‌ನಿಂದ ನೀರು ಇಳಿಯುತ್ತದೆ, ಮೀನು ನದಿಯ ಕಡೆ ವಾಪಸ್ ಹೊರಡುತ್ತದೆ.

ಹಾಗಾಗಿ ಇಲ್ಲಿನ ಫಸಲು ನಿಂತಿರುವುದು ಮುಖ್ಯವಾಗಿ ಎರಡು ವಿಷಯದ ಮೇಲೆ. ನೀರು ಎಷ್ಟು ಜಾಗಕ್ಕೆ ಹರಡಿತು? ಎಷ್ಟು ದಿನ ನಿಂತಿತು? ಕಳೆದ ವರ್ಷ ಎಷ್ಟು ಮೀನು ಹಿಡಿದರು ಎನ್ನುವುದಕ್ಕಿಂತ ಈ ವರ್ಷ ನೆರೆ ಹೇಗಿತ್ತು ಎನ್ನುವುದೇ ಲೆಕ್ಕಕ್ಕೆ ಬರುತ್ತದೆ. ಹಿಡಿಯುವ ಮೀನಿನಲ್ಲಿ ಬಹುಪಾಲು ಅದೇ ವರ್ಷ ಹುಟ್ಟಿದ್ದು. ಸಮುದ್ರದ ಮೀನುಗಾರಿಕೆಯ ನಿಯಮಗಳನ್ನು ಇಲ್ಲಿಗೆ ಸುಮ್ನೆ ತಂದು ಹಚ್ಚಿದರೆ ತಪ್ಪಾಗುವುದು ಈ ಕಾರಣಕ್ಕೆ. ಮರಿ ಹಿಡಿಯಬಾರದು ಅನ್ನುವುದು ಕೇಳಲು ಸರಿ. ಆದರೆ ಬಯಲು ಒಣಗುವಾಗ ತಗ್ಗುಗಳಲ್ಲಿ ಸಿಕ್ಕಿಕೊಂಡ ಲಕ್ಷಾಂತರ ಮರಿಗಳು ಹೇಗಿದ್ದರೂ ಸಾಯುತ್ತವೆ, ಇಲ್ಲವೇ ಕೊಕ್ಕರೆಗಳ ಹೊಟ್ಟೆ ಸೇರುತ್ತವೆ. ಅವನ್ನು ಹಿಡಿದು ತಿಂದರೆ ಯಾರಿಗೂ ನಷ್ಟ ಇಲ್ಲ. ನದಿಗೆ ಮರಳುವ ದಾರಿಯನ್ನೇ ಪೂರ್ತಿ ಬಲೆಯಿಂದ ಮುಚ್ಚುವುದು ಬೇರೆ ಮಾತು.

ಇಲ್ಲಿ ಸಿಗುವ ಮೀನುಗಳಲ್ಲಿ ನಮಗೆ ಗೊತ್ತಿರುವವೂ ಇವೆ. ನಾವು ಜಿಲೇಬಿ ಅನ್ನುವ ತಿಲಾಪಿಯಾದ ನೈಲ್ ತಳಿ ಈ ಕಡೆಯದ್ದೇ. ಸಾಕಣೆ ನಿಷೇಧವಿದ್ದರೂ ಬೆಂಗಳೂರಿನ ಸುತ್ತಮುತ್ತ ಕದ್ದು ಸಾಕುತ್ತಾರಲ್ಲ, ಆ ಆಫ್ರಿಕನ್ ಕ್ಯಾಟ್‌ಫಿಶ್‌ಗೂ ಇಂಥ ಬಯಲುಗಳೇ ತವರು. ನಮ್ಮ ಕೆರೆಗಳಲ್ಲಿ ಅದು ಸ್ಥಳೀಯ ಮೀನನ್ನು ತಿಂದು ಹಾಕುತ್ತದೆ ಎಂಬ ಭಯ. ಅಲ್ಲಿ ಅದು ಬಡವರ ಊಟ. ನೇರ ಗಾಳಿಯಿಂದಲೂ ಉಸಿರಾಡುವ ಮೀನು ಅದು, ಹಾಗಾಗಿ ನೀರು ಬತ್ತಿ ಕೆಸರಾದ ತಗ್ಗಿನಲ್ಲೂ ಬದುಕಿ ಉಳಿಯುತ್ತದೆ.

ಕಾಲುವೆ ಹತ್ತಿರದಿಂದ

ಈಗ ಕಾಲುವೆಗೆ ಬರೋಣ. ಬೇಸಿಗೆಯಲ್ಲಿ ನೆಲ ಒಣಗಿದಾಗ ಗುದ್ದಲಿ, ಸಲಿಕೆ ಹಿಡಿದು ತೋಡುವ ಕೆಲಸ. ಬಯಲಿನ ಒಂದು ತಗ್ಗಿನಿಂದ ಶುರುಮಾಡಿ, ನದಿಯ ಎತ್ತರದ ದಡವನ್ನು ಸೀಳಿ, ನದಿಗೆ ಅಥವಾ ಅದರ ಕವಲಿಗೆ ಜೋಡಿಸುತ್ತಾರೆ. ಕೆಲವು ಚಿಕ್ಕವು. ಕೆಲವು ಕಿಲೋಮೀಟರ್‌ಗಟ್ಟಲೆ ಉದ್ದ. ತೆಗೆದ ಮಣ್ಣು ಎರಡೂ ಬದಿಗೆ ದಿಬ್ಬವಾಗಿ ಬೀಳುತ್ತದೆ. ನೆರೆ ಬಂದಾಗ ಕಾಲುವೆ, ಬಯಲು ಎಲ್ಲ ಒಂದೇ ನೀರು.

ನೆರೆ ಇಳಿಯುವಾಗ ಅಸಲಿ ಕೆಲಸ. ನದಿಯ ಮಟ್ಟ ಬಯಲಿಗಿಂತ ಕೆಳಗೆ ಹೋದ ತಕ್ಷಣ ನೀರು ಕಾಲುವೆ ಹಿಡಿದು ನದಿಯ ಕಡೆ ನುಗ್ಗುತ್ತದೆ. ಮೀನಿಗೂ ಅದೇ ದಾರಿ. ಕಾಲುವೆ ನದಿ ಸೇರುವ ಬಾಯಲ್ಲಿ ಚೀಲದಂಥ ಬಲೆ ಕಟ್ಟಿರುತ್ತಾರೆ. ಪಕ್ಕದಲ್ಲಿ ಹುಲ್ಲಿನ ಗುಡಿಸಲು. ಮನೆಯವರು ವಾರಗಟ್ಟಲೆ ಅಲ್ಲೇ ಠಿಕಾಣಿ ಹೂಡಿ, ಸರದಿಯ ಮೇಲೆ ಬಲೆ ಎತ್ತುತ್ತಾರೆ. ಹೆಂಗಸರು ಮೀನು ಹೆಕ್ಕಿ, ಸೀಳಿ, ಬಿಸಿಲಿಗೆ ಹರಡುತ್ತಾರೆ ಇಲ್ಲವೇ ಹೊಗೆಗೆ ಇಡುತ್ತಾರೆ. ವರ್ಷದ ದುಡ್ಡು ಬಹುಪಾಲು ಈ ಕೆಲವೇ ವಾರಗಳಲ್ಲಿ ಬರುತ್ತದೆ.

ಇದು ಹೊಸ ಆಟ ಅಲ್ಲ. ಈ ನೀರಿನ ಮೇಲೆ ಮೊದಲಿಂದ ಹಕ್ಕು ಹೇಳುತ್ತಾ ಬಂದ ಕೊಟೊಕೊ ಜನರ ಕಾಲದಲ್ಲೂ ಕಾಲುವೆಗಳಿದ್ದವು. ಆಗ ಎಲ್ಲಿ, ಯಾವಾಗ ಮೀನು ಹಿಡಿಯಬೇಕು ಎಂಬುದಕ್ಕೆ ನೀರಿನ ಯಜಮಾನನ ಒಪ್ಪಿಗೆ ಬೇಕಿತ್ತು. ಬದಲಾಗಿದ್ದು ಲೆಕ್ಕ. ಕಳೆದ ಕೆಲವು ದಶಕಗಳಲ್ಲಿ ಕಾಲುವೆಗಳ ಸಂಖ್ಯೆ ವೇಗವಾಗಿ ಏರಿ ಸಾವಿರಗಟ್ಟಲೆ ಆಗಿದೆ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಇವು ನದಿಯ ಎರಡೂ ಬದಿಗೆ ಬಾಚಣಿಗೆ ಹಲ್ಲಿನಂತೆ ಕಾಣುತ್ತವೆ. ಯಾಕೆ ಹೀಗಾಯಿತು?

ಮಗಾದ ಏರಿ

1970ರ ದಶಕ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪ್ರದೇಶಕ್ಕೆ ಬರಗಾಲದ ದಶಕ. ಆಗ ಕ್ಯಾಮರೂನ್ ಸರ್ಕಾರಕ್ಕೆ ಭತ್ತ ಬೇಕಿತ್ತು. ಉತ್ತರದ ಜನರಿಗೆ ಅನ್ನ, ದೇಶಕ್ಕೆ ಆಮದಿನ ಉಳಿತಾಯ. ಉದ್ದೇಶ ಕೆಟ್ಟದ್ದೇನಲ್ಲ. ಸೆಮ್ರಿ ಎಂಬ ಸರ್ಕಾರಿ ಭತ್ತ ಕಂಪನಿಯ ಹೊಸ ಗದ್ದೆಗಳಿಗೆ ನೀರು ಕೊಡಲು 1979ರಲ್ಲಿ ಮಗಾ ಎಂಬಲ್ಲಿ ಸುಮಾರು 27 ಕಿಲೋಮೀಟರ್ ಉದ್ದದ ಮಣ್ಣಿನ ಅಣೆಕಟ್ಟು ಎದ್ದಿತು. ಜೊತೆಗೆ ಲೊಗೋನ್ ನದಿ ಉಕ್ಕಿ ಗದ್ದೆಗೆ ನುಗ್ಗದಂತೆ ದಡದ ಉದ್ದಕ್ಕೂ ಏರಿ ಹಾಕಿದರು. ಬಯಲಿಗೆ ನೀರು ಹೋಗುತ್ತಿದ್ದ ಹಳೆಯ ಹಳ್ಳಗಳ ಬಾಯಿ ಮುಚ್ಚಿತು.

ಕೆಳಗಡೆ ನೆರೆ ಕುಗ್ಗಿತು. ಮಗಾದ ಉತ್ತರಕ್ಕೆ ವಾಝಾ ರಾಷ್ಟ್ರೀಯ ಉದ್ಯಾನದ ಕಡೆ ಹಬ್ಬುತ್ತಿದ್ದ ನೀರು ಎಷ್ಟೋ ಕಡೆ ಬರುವುದೇ ನಿಂತಿತು. ಹೆಚ್ಚು ಹೊಡೆತ ಬಿದ್ದ ಜಾಗಗಳಲ್ಲಿ ಮೀನಿನ ಫಸಲು ಶೇ. 90ರವರೆಗೂ ಬಿದ್ದಿತು ಎಂದು ಆಮೇಲೆ ಅಧ್ಯಯನ ಮಾಡಿದವರು ಬರೆದಿದ್ದಾರೆ. ಬೇಸಿಗೆಯಲ್ಲೂ ಚಿಗುರುತ್ತಿದ್ದ ಬಹುವಾರ್ಷಿಕ ಹುಲ್ಲು ಹೋಗಿ, ಬೇಗ ಒಣಗುವ ಒರಟು ಹುಲ್ಲು ಬಂತು. ದನಗಳ ಜೊತೆ ಕಾಡಿನ ಜಿಂಕೆಗಳಿಗೂ ಮೇವು ಕಡಿಮೆಯಾಯಿತು. ಬರದ ಪಾಲು ಎಷ್ಟು, ಅಣೆಕಟ್ಟಿನ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ, ಎರಡೂ ಒಟ್ಟಿಗೆ ಬಂದವು. ಆದರೆ 1990ರ ನಂತರ ಮಳೆ ತಕ್ಕಮಟ್ಟಿಗೆ ಚೇತರಿಸಿಕೊಂಡರೂ ಏರಿ ಮಾತ್ರ ಇದ್ದಲ್ಲೇ ಇತ್ತು.

ಮಗಾದ ಹಿನ್ನೀರಿನಲ್ಲೂ ಮೀನು ಸಿಗುತ್ತದೆ, ಅಲ್ಲೂ ಮೀನುಗಾರಿಕೆ ಬೆಳೆಯಿತು. ಇದನ್ನು ಮರೆಯಬಾರದು. ಭತ್ತವೂ ಕೆಲವು ಸಾವಿರ ಕುಟುಂಬಗಳಿಗೆ ಅನ್ನ ಕೊಟ್ಟಿತು. ಆದರೆ ಲಾಭ ಆದವರು ಏರಿಯ ಹತ್ತಿರದವರು, ನಷ್ಟ ಆದವರು ಐವತ್ತು ಅರವತ್ತು ಮೈಲಿ ಕೆಳಗಿನವರು. ಅವರಿಗೆ ಪರಿಹಾರ ಕೊಡಬೇಕು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮಾಡಿದ ಲೆಕ್ಕದ ಪ್ರಕಾರ ನೆರೆ ಕುಗ್ಗಿದ್ದರಿಂದ ಸುಮಾರು 8,000 ಕುಟುಂಬಗಳು ಸೇರಿ ವರ್ಷಕ್ಕೆ 20 ಲಕ್ಷ ಡಾಲರ್‌ಗೂ ಜಾಸ್ತಿ ಕಳೆದುಕೊಂಡವು. ಈ ನಷ್ಟ ಭತ್ತದ ಯೋಜನೆಯ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಮೀನಿಗೆ ಬಿಲ್ಲು ಇಲ್ಲ, ರಸೀದಿ ಇಲ್ಲ. ಮನೆಗೆ ಬಂದಷ್ಟು ತಿಂದು, ಉಳಿದದ್ದನ್ನು ಸಂತೆಯಲ್ಲಿ ಮಾರಿದ ಮೀನು ಯಾವ ಕಚೇರಿಯ ಪಟ್ಟಿಗೂ ಬರುವುದಿಲ್ಲ ಅಲ್ವಾ?

ಮೀನು ಕಡಿಮೆಯಾದಾಗ ಮೀನುಗಾರ ಏನು ಮಾಡುತ್ತಾನೆ? ಇದ್ದ ಮೀನನ್ನು ತಪ್ಪಿಸಿಕೊಳ್ಳಲು ಬಿಡದ ದಾರಿ ಹುಡುಕುತ್ತಾನೆ. ಕಾಲುವೆ ಅಂಥ ದಾರಿ. ಒಬ್ಬನಿಗೆ ಒಳ್ಳೆಯ ದುಡ್ಡು ಬಂತು, ಪಕ್ಕದವನೂ ತೋಡಿದ. ಇಲ್ಲಿಂದ ಒಂದು ಸುಳಿ ಶುರುವಾಗುತ್ತದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಮರೂನಿನ ಸಂಶೋಧಕರ ಜೊತೆ ಸೇರಿ ವರ್ಷಗಟ್ಟಲೆ ನೋಡಿದ್ದು ಈ ಸುಳಿಯನ್ನೇ. ಕಾಲುವೆ ಜಾಸ್ತಿಯಾದಷ್ಟೂ ಬಯಲು ಬೇಗ ಬರಿದಾಗುತ್ತದೆ. ಬೇಗ ಬರಿದಾದರೆ ಮರಿ ಬೆಳೆಯಲು ಸಮಯ ಸಿಗುವುದಿಲ್ಲ. ಮೀನು ಚಿಕ್ಕದಾಗುತ್ತದೆ, ಬೆಲೆ ಇಳಿಯುತ್ತದೆ. ಅದೇ ದುಡ್ಡು ಗಳಿಸಲು ಇನ್ನೂ ಆಳ, ಇನ್ನೂ ಉದ್ದ ತೋಡಬೇಕು. ನಾನೊಬ್ಬ ತೋಡುವುದು ನಿಲ್ಲಿಸಿದರೆ ಏನಾಗುತ್ತದೆ? ನನ್ನ ಪಾಲಿನ ನೀರು, ಮೀನು ಪಕ್ಕದವನ ಕಾಲುವೆಗೆ ಹೋಗುತ್ತದೆ. ಎಲ್ಲರಿಗೂ ಇದು ಗೊತ್ತು, ಯಾರೂ ಒಬ್ಬರೇ ಹೊರಗೆ ಬರಲಾರರು. ಮೀನುಗಾರರಿಗೆ ತಿಳಿವಳಿಕೆ ಕೊಡಬೇಕು ಎಂದು ಹೇಳುವ ಯೋಜನೆಗಳು ಇದನ್ನು ಅರ್ಥ ಮಾಡಿಕೊಂಡೇ ಇಲ್ಲ. ತಿಳಿವಳಿಕೆಗೆ ಅಲ್ಲಿ ಕೊರತೆ ಇಲ್ಲ.

ದನಗಾಹಿಯ ಕಡೆಯಿಂದ ನೋಡಿದರೆ ಕತೆ ಇದೇ, ಕಾಲ ಬೇರೆ. ಶೋವಾ ಅರಬರು, ಫುಲಾನಿಗಳು ನೀರು ಇಳಿದ ಮೇಲೆ ಜನವರಿ ಹೊತ್ತಿಗೆ ದನ ಹೊಡೆದುಕೊಂಡು ಈ ಬಯಲಿಗೆ ಬರುತ್ತಾರೆ. ಸುತ್ತಲಿನ ನೆಲವೆಲ್ಲ ಒಣಗಿದಾಗ ಇಲ್ಲಿ ಮಾತ್ರ ಹಸಿರು, ಇಲ್ಲಿ ಮಾತ್ರ ಕುಡಿಯುವ ತಗ್ಗುನೀರು. ಕಾಲುವೆಗಳು ಆ ತಗ್ಗುಗಳನ್ನೇ ಖಾಲಿ ಮಾಡುತ್ತವೆ. ನೆಲದ ತೇವ ಬೇಗ ಆರಿದರೆ ಹುಲ್ಲು ಚಿಗುರುವುದಿಲ್ಲ. ಮೇಲಾಗಿ ಹಳೆಯ ದನದ ದಾರಿಗಳನ್ನು ಕಾಲುವೆ ಅಡ್ಡ ಕತ್ತರಿಸಿದೆ. ಹಿಂದೆ ಮೀನುಗಾರನ ಸುಗ್ಗಿ ಮುಗಿದ ಮೇಲೆ ದನಗಾಹಿಯ ಸುಗ್ಗಿ ಬರುತ್ತಿತ್ತು. ದನ ಬಿಟ್ಟುಹೋದ ಸಗಣಿ ಮುಂದಿನ ವರ್ಷ ಮೀನಿಗೆ ಆಹಾರವಾಗುತ್ತಿತ್ತು. ಒಂದೇ ನೆಲದಲ್ಲಿ ಎರಡು ಫಸಲು. ನೀರು ನಿಲ್ಲುವ ದಿನ ಕಡಿಮೆಯಾದಂತೆ ಒಬ್ಬರ ಕಾಲದೊಳಗೆ ಇನ್ನೊಬ್ಬರು ನುಗ್ಗುವಂತಾಯಿತು.

ಇದರ ಮೇಲೆ 2014ರಿಂದ ಬೋಕೋ ಹರಾಮ್ ಎಂಬ ಉಗ್ರರ ಗುಂಪಿನ ಹಾವಳಿ. ಇಲ್ಲಿನ ಒಣಮೀನಿಗೆ ದೊಡ್ಡ ಮಾರುಕಟ್ಟೆ ಇದ್ದದ್ದು ನೈಜೀರಿಯಾದ ಮೈದುಗುರಿ ಕಡೆ. ಗಡಿ ಬಿಗಿಯಾಯಿತು, ದಾರಿಯಲ್ಲಿ ಜೀವಭಯ ಹೆಚ್ಚಿತು. ಮೊದಲಿಂದಲೂ ಬಡತನ ಜಾಸ್ತಿ ಇರುವ ಈ ಪ್ರದೇಶದಲ್ಲಿ ಬಂದೂಕುಗಳು ಸುಲಭಕ್ಕೆ ಸಿಗುವಂತಾದವು. ಕೋಲು ಬಡಿದಾಟದಲ್ಲಿ ಮುಗಿಯುತ್ತಿದ್ದ ಜಗಳ ಹಳ್ಳಿ ಸುಡುವ ಮಟ್ಟಕ್ಕೆ ಹೋಗಿದ್ದರ ಹಿಂದೆ ಇದೂ ಇದೆ.

ನೀರು ಬಿಟ್ಟು ನೋಡಿದಾಗ

ಇಷ್ಟೆಲ್ಲ ಓದಿ ಇದಕ್ಕೆ ಮದ್ದೇ ಇಲ್ಲ ಅನ್ನಿಸಬಹುದು. ಆದರೆ ಇದೇ ಬಯಲಲ್ಲಿ ಒಮ್ಮೆ ಮದ್ದು ಮಾಡಿ ನೋಡಿದ್ದಾರೆ, ಅದು ಹಿಡಿದಿದೆ. ಇಡೀ ಕತೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು.

ಪ್ರಕೃತಿ ಸಂರಕ್ಷಣಾ ಒಕ್ಕೂಟ ಮತ್ತು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ತಜ್ಞರು ವಾಝಾ-ಲೊಗೋನ್ ಯೋಜನೆಯಲ್ಲಿ ಕ್ಯಾಮರೂನ್ ಸರ್ಕಾರದ ಜೊತೆ ಕೆಲಸ ಮಾಡಿದರು. ಭತ್ತಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಹಿಡಿದಿಡಲಾಗುತ್ತಿದೆ ಎಂದು ಅವರ ಲೆಕ್ಕದಲ್ಲಿ ಕಂಡಿತು. 1994ರಲ್ಲಿ, ಏರಿಯಿಂದ ಮುಚ್ಚಿಹೋಗಿದ್ದ ಒಂದು ಹಳ್ಳದ ಬಾಯಿ ತೆಗೆದರು. 1997ರಲ್ಲಿ ಇನ್ನೊಂದು. ನೂರಾರು ಚದರ ಕಿಲೋಮೀಟರ್ ಬಯಲಿಗೆ ನೆರೆ ಮರಳಿತು. ಕೆಲವೇ ವರ್ಷಗಳಲ್ಲಿ ಬಹುವಾರ್ಷಿಕ ಹುಲ್ಲು ಮತ್ತೆ ಹಬ್ಬಿತು. ಮೀನು ಹೆಚ್ಚಿತು, ನೀರುಹಕ್ಕಿಗಳು ಬಂದವು, ದನಗಾಹಿಗಳು ಹೆಚ್ಚು ದಿನ ನಿಲ್ಲುವಂತಾಯಿತು. ಭತ್ತದ ಗದ್ದೆಗಳಿಗೆ ತೊಂದರೆ ಆಗಲಿಲ್ಲ.

ಆದರೆ ನೀರು ಬಂದಲ್ಲಿ ಜನರೂ ಬಂದರು. ಮೀನಿನ ಆಸೆಗೆ ಹೊಸ ಕಾಲುವೆಗಳೂ ಬಂದವು. ನೀರು ಬಿಟ್ಟರೆ ಸಾಲದು, ಬಂದ ನೀರನ್ನು ಹಂಚಿಕೊಳ್ಳುವ ನಿಯಮವೂ ಬೇಕು ಎಂಬ ಪಾಠ ಅಲ್ಲಿತ್ತು. ಆ ಎರಡನೇ ಕೆಲಸಕ್ಕೆ ಬೇಕಾದ ತಾಳ್ಮೆ, ದುಡ್ಡು ಸಿಗಲಿಲ್ಲ. ಯೋಜನೆ ಮುಗಿಯಿತು.

ಆಮೇಲೆ ಬಂದದ್ದು ನೆರೆಯ ಭಯ. 2012ರಲ್ಲಿ ಭಾರಿ ಮಳೆಗೆ ಹಳೆಯದಾಗಿದ್ದ ಏರಿಗಳು ಒಡೆದು ಮಗಾ ಸುತ್ತಲಿನ ಹತ್ತಾರು ಸಾವಿರ ಜನ ನಿರಾಶ್ರಿತರಾದರು. ಮುಂದಿನ ವರ್ಷ ವಿಶ್ವ ಬ್ಯಾಂಕ್ 10.8 ಕೋಟಿ ಡಾಲರ್ ಕೊಟ್ಟು ಅಣೆಕಟ್ಟನ್ನು, ನದಿ ದಡದ ಸುಮಾರು 70 ಕಿಲೋಮೀಟರ್ ಏರಿಯನ್ನು ಗಟ್ಟಿ ಮಾಡಿಸುವ ಯೋಜನೆ ಒಪ್ಪಿತು. 2024ರ ಮಳೆಗಾಲದಲ್ಲಿ ಮತ್ತೆ ಕ್ಯಾಮರೂನ್‌ನ ಈ ಉತ್ತರ ಭಾಗದಲ್ಲಿ 3.5 ಲಕ್ಷಕ್ಕೂ ಜಾಸ್ತಿ ಜನರಿಗೆ ನೆರೆಯ ಪೆಟ್ಟು ಬಿತ್ತು. ಊರು ಉಳಿಸಲು ಏರಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಏರಿಯಲ್ಲಿ ತೂಬು ಎಲ್ಲಿಡಬೇಕು, ಯಾವಾಗ ತೆಗೆಯಬೇಕು ಎಂಬುದರಲ್ಲಿ. ಊರಿಗೆ ನುಗ್ಗುವ ನೀರು ಆಪತ್ತು. ಅದೇ ನೀರು ಬಯಲಿಗೆ ಹೋದರೆ ಮೀನು, ಹುಲ್ಲು, ಮುಂದೆ ಚಾಡ್ ಸರೋವರ. ಪೂರ್ತಿ ಮುಚ್ಚಿದ ಏರಿ ಆಪತ್ತಿನ ಜೊತೆ ಅನ್ನವನ್ನೂ ತಡೆಯುತ್ತದೆ.

ಯಾರ ಮೀನು ಲೆಕ್ಕಕ್ಕೆ ಬರುತ್ತದೆ

ಕ್ಯಾಮರೂನ್‌ನ ಮೀನಿನ ಸುದ್ದಿ ಹೊರಗಿನವರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಸಮುದ್ರದ ಕಾರಣಕ್ಕೆ. ಅಕ್ರಮ ಮೀನುಗಾರಿಕೆ ತಡೆಯಲಿಲ್ಲ ಎಂದು ಐರೋಪ್ಯ ಒಕ್ಕೂಟ 2021ರಲ್ಲಿ ಎಚ್ಚರಿಕೆ ಕೊಟ್ಟು, 2023ರ ಜನವರಿಯಲ್ಲಿ ರೆಡ್ ಕಾರ್ಡ್ ಕೊಟ್ಟಿತು. ಅಲ್ಲಿಂದ ಯುರೋಪಿಗೆ ಮೀನು ಹೋಗುವಂತಿಲ್ಲ. ಇದು ಗಂಭೀರ ವಿಷಯವೇ. ಆದರೆ ಲೊಗೋನ್ ಬಯಲಿನ ಮೀನು ಯುರೋಪಿಗೆ ಹೋಗುವುದೇ ಇಲ್ಲ. ಅದು ಕುಸೇರಿ, ಮರುವಾ, ಎನ್‌ಜಮೇನಾ ಸಂತೆಗಳಲ್ಲಿ ಸಣ್ಣ ಸಣ್ಣ ಗುಡ್ಡೆಗಳಲ್ಲಿ ಮಾರಾಟವಾಗುತ್ತದೆ. ಮಾರುವವರು ಬಹುಪಾಲು ಹೆಂಗಸರು. ಮಾಂಸ ಕೊಳ್ಳಲಾರದ ಮನೆಯಲ್ಲಿ ಜೋಳದ ಮುದ್ದೆಯ ಜೊತೆ ಸಾರಿಗೆ ಹಾಕುವ ನಾಲ್ಕು ಒಣಮೀನು ಇದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ಮೀನುಗಾರರ ಹಕ್ಕಿಗಾಗಿ 2014ರಲ್ಲೇ ಮಾರ್ಗಸೂಚಿ ಒಪ್ಪಿಸಿತ್ತು. ಜಗತ್ತಿನ ಮೀನು ಹಿಡಿತದಲ್ಲಿ ಶೇ. 40ರಷ್ಟು ಸಣ್ಣ ಮೀನುಗಾರರದ್ದೇ ಎಂದೂ ಅದೇ ಸಂಸ್ಥೆಯ ದೊಡ್ಡ ಅಧ್ಯಯನ ಹೇಳಿದೆ. ಒಳನಾಡಿನಲ್ಲಿ ನೀರಿನ ಯೋಜನೆ ಮಾಡುವ ಇಲಾಖೆಗಳಿಗೆ ಈ ಮಾತು ಇನ್ನೂ ಮುಟ್ಟಿಲ್ಲ.

ಕ್ಯಾಮರೂನ್‌ನ ಕಾನೂನಿನ ಪ್ರಕಾರ ನದಿಯ ಮೀನಿನ ಹಕ್ಕು ಸರ್ಕಾರದ್ದು. ನೆಲದ ಮೇಲೆ ಮಾತ್ರ ನಡೆಯುವುದು ಸುಲ್ತಾನರು, ಊರ ಮುಖಂಡರು ಕೊಡುವ ಒಪ್ಪಿಗೆ. ಕಾಲುವೆ ತೋಡಿದವನ ಕೈಯಲ್ಲಿ ಕಾಗದ ಇಲ್ಲ, ಆದರೆ ಅದು ಅಪ್ಪನಿಂದ ಮಗನಿಗೆ ಬರುವ ಆಸ್ತಿ. ಅದರ ಮೇಲೆ ಸಾಲ ಇದೆ, ಬೆವರು ಇದೆ. ದನಗಾಹಿಯ ದಾರಿಗೂ ಹೀಗೇ, ಕಾಗದ ಇಲ್ಲ, ತಲೆಮಾರಿನ ರೂಢಿ ಇದೆ. ಜಗಳ ಬಂದಾಗ ಕಾನೂನು ಇಬ್ಬರ ಕೈಯನ್ನೂ ಹಿಡಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಹೊಸ ಕಾಲುವೆ ತೋಡುವುದಕ್ಕೆ ತಡೆ ಬೇಕು, ಇದನ್ನು ಒಪ್ಪುತ್ತೇನೆ. ದನದ ದಾರಿಗೆ ಅಡ್ಡ ಬರುವಲ್ಲಿ ದಾಟು ಕಟ್ಟಬೇಕು. ಇರುವ ಕಾಲುವೆಗಳ ಬಾಯಿಯನ್ನು ನೆರೆ ಇಳಿಯಲು ಶುರುವಾದ ಮೇಲೆ ಇಂತಿಷ್ಟು ವಾರ ಮಣ್ಣು ಹಾಕಿ ಮುಚ್ಚಿಟ್ಟು, ಆಮೇಲೆ ಎಲ್ಲರೂ ಒಂದೇ ದಿನ ತೆಗೆಯುವ ಕಟ್ಟಳೆ ಮಾಡಬಹುದು. ಒಬ್ಬನೇ ಕಾದರೆ ಅವನಿಗೆ ನಷ್ಟ, ಎಲ್ಲರೂ ಕಾದರೆ ಎಲ್ಲರ ಮೀನೂ ದಪ್ಪ. ತಗ್ಗಿನ ನೀರು ಇನ್ನಷ್ಟು ದಿನ ನಿಂತರೆ ದನಕ್ಕೂ ಆಯಿತು. ಅವರಿಗೇ ಗೊತ್ತಿರುವ ಹಳೆಯ ಪದ್ಧತಿಯನ್ನೇ ಹೊಸದಾಗಿ ಕೂತು ಮಾತಾಡಿ ಕಟ್ಟಿಕೊಳ್ಳುವ ಕೆಲಸ ಇದು. ಕೊಟೊಕೊ, ಮುಸ್ಗುಮ್, ಶೋವಾ ಅರಬ್, ಫುಲಾನಿ ನಾಲ್ವರೂ ಒಂದೇ ಸಭೆಯಲ್ಲಿ ಕೂರಬೇಕು. ಒಣಮೀನು ಮಾರುವ ಹೆಂಗಸರೂ ಇರಬೇಕು. ಯಾವ ವಾರದ ಮೀನಿಗೆ ಎಷ್ಟು ಬೆಲೆ ಬರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಆದರೆ ಇದಕ್ಕೂ ಮೊದಲು ಮಗಾದ ತೂಬು. ಪ್ರತಿ ಸೆಪ್ಟೆಂಬರ್‌ನಲ್ಲಿ ಬಯಲಿಗೆ ಎಷ್ಟು ನೀರು ಬಿಡುತ್ತೇವೆ ಎಂದು ಸರ್ಕಾರ ಬರೆದು ಕೊಡಬೇಕು. ಭತ್ತಕ್ಕೆ ಹೇಗೆ ಪಾಲು ಇದೆಯೋ ಹಾಗೆ ಮೀನಿಗೆ, ಹುಲ್ಲಿಗೆ ಪಾಲು ಇಡಬೇಕು. 1994ರಲ್ಲಿ ಬಯಲಿಗೆ ನೀರು ಬಿಟ್ಟದ್ದಾಗಿದೆ, ಈಗಲೂ ಆಗುವ ಕೆಲಸ. ಗಡಿಯ ಆಚೆ ಚಾಡ್ ಇರುವುದರಿಂದ ಈ ಮಾತು ಎರಡು ದೇಶಗಳ ನಡುವೆಯೂ ನಡೆಯಬೇಕು. ಅದಕ್ಕೆಂದೇ 1964ರಲ್ಲಿ ಹುಟ್ಟಿದ ಚಾಡ್ ಸರೋವರ ಆಯೋಗದ ಕಚೇರಿ ಎನ್‌ಜಮೇನಾದಲ್ಲೇ ಇದೆ. 2021ರಲ್ಲಿ ಹೆಂಗಸರು, ಮಕ್ಕಳು ನದಿ ದಾಟಿ ಓಡಿ ಬಂದದ್ದೂ ಅದೇ ಊರಿಗೆ. ಮೊದಲು ಕಾಲುವೆ ಮುಚ್ಚಿ, ನೀರಿನ ಮಾತು ಆಮೇಲೆ ನೋಡೋಣ ಎಂದು ಮುಸ್ಗುಮ್ ಮೀನುಗಾರನಿಗೆ ಹೇಳುವ ಅಧಿಕಾರಿ, ಆ ನಡುವಿನ ವರ್ಷಗಳಲ್ಲಿ ಅವನ ಮನೆಯವರು ಏನು ತಿನ್ನಬೇಕು ಎಂಬುದಕ್ಕೂ ಉತ್ತರ ತಂದಿರಬೇಕು.